ಗುರುವಂದನೆಗೆ ಶಾಲಿನ ಜೊತೆ ಒಂದು ಪುಸ್ತಿಕೆ: ಹೈಸ್ಕೂಲು ಮೇಷ್ಟ್ರ ನೆನಪು ದಾಖಲಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೆ ವಿದ್ಯಾರ್ಥಿಗಳ ಗುರುವಂದನೆ ಈಗ ಊರೂರಲ್ಲೂ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಬ್ಯಾಚಿನವರು ವಾಟ್ಸಾಪ್ ಗ್ರೂಪ್ ಮಾಡಿ, ಚಂದಾ ಎತ್ತಿ, ಶಾಮಿಯಾನ ಹಾಕಿಸಿ, ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡುತ್ತಾರೆ. ಇದು ಒಳ್ಳೆಯದೇ. ಆದರೆ ನಿವೃತ್ತ ಮೇಷ್ಟ್ರ ಬೀರುವಿನಲ್ಲಿ ಶಾಲುಗಳಿಗೆ ಕೊರತೆಯಿಲ್ಲ. ತಾವು ಹೇಳಿಕೊಟ್ಟದ್ದರಲ್ಲಿ ಏನು, ಯಾರಲ್ಲಿ, ಹೇಗೆ ಉಳಿಯಿತು ಎಂಬುದು ಮಾತ್ರ ಅವರಿಗೆ ತಿಳಿಯುವುದೇ ಇಲ್ಲ. ಅದನ್ನು ತಿಳಿಸಲು 48 ಪುಟದ ಒಂದು ಪುಸ್ತಿಕೆ ಸಾಕು. ನಾಲ್ಕೈದು ಜನ ಕೈಜೋಡಿಸಿದರೆ ಮೂರು ತಿಂಗಳಲ್ಲಿ ಮುಗಿಯುವ ಕೆಲಸ ಇದು.

ಮೊದಲು ಹೆಸರುಗಳು ಸರಿಯಾಗಲಿ

ನೆನಪಿನಿಂದ ಪಟ್ಟಿ ಮಾಡಬೇಡಿ. ನೆನಪಿನಲ್ಲಿ ಇರುವುದು ‘ಸೈನ್ಸ್ ಸರ್’, ‘ಹಿಂದಿ ಟೀಚರ್’, ಇಲ್ಲವೇ ಅಡ್ಡಹೆಸರು. ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಮನವಿ ಪತ್ರ ಬರೆದುಕೊಂಡು ಹೋಗಿ. ಅವರ ಕೊಠಡಿಯ ಗೋಡೆಯ ಫಲಕದಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರ ಹೆಸರಷ್ಟೇ ಇರುತ್ತದೆ. ಸಹಶಿಕ್ಷಕರ ಹೆಸರು ಬೇಕಾದರೆ ಆ ವರ್ಷಗಳ ಶಿಕ್ಷಕರ ಹಾಜರಿ ಪುಸ್ತಕ ನೋಡಬೇಕು. ಅದು ಗೆದ್ದಲು ಹಿಡಿದಿದ್ದರೆ ಹತ್ತನೇ ಕ್ಲಾಸಿನ ಗ್ರೂಪ್ ಫೋಟೊ ಹುಡುಕಿ. ಸ್ಟುಡಿಯೋದವರು ಅಂಟಿಸುತ್ತಿದ್ದ ರಟ್ಟಿನ ಕೆಳಗೆ ‘ಕುಳಿತವರು ಎಡದಿಂದ ಬಲಕ್ಕೆ’ ಎಂದು ಹೆಸರು, ಇನಿಶಿಯಲ್ ಎಲ್ಲ ಅಚ್ಚಾಗಿರುತ್ತದೆ. ಬ್ಯಾಚಿನ ಯಾರಾದರೊಬ್ಬರ ಮನೆಯಲ್ಲಿ ಅದು ಸಿಕ್ಕೇ ಸಿಗುತ್ತದೆ.

ಪಟ್ಟಿಯಲ್ಲಿ ಪಿಟಿ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು, ಹೊಲಿಗೆ ಟೀಚರ್, ಬೆಲ್ ಹೊಡೆಯುತ್ತಿದ್ದ ಜವಾನರು ಇರಲೇಬೇಕು. ಎಲ್ಲ ಕಡೆ ಬಿಟ್ಟುಹೋಗುವುದು ಇವರೇ. ಓದಿನಲ್ಲಿ ಹಿಂದಿದ್ದ ಹುಡುಗರ ಮನಸ್ಸಿನಲ್ಲಿ ಹೆಚ್ಚು ಉಳಿದಿರುವವರೂ ಇವರೇ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ 1997ಕ್ಕಿಂತ ಹಿಂದೆ ಜಗಳೂರಿನಲ್ಲಿ ಪಾಠ ಮಾಡಿದವರು ಆಮೇಲೆ ಹಿರಿಯೂರಿಗೋ ಹೊಳಲ್ಕೆರೆಗೋ ವರ್ಗವಾಗಿ ಅಲ್ಲೇ ಮನೆ ಕಟ್ಟಿಕೊಂಡಿರಬಹುದು. ಚನ್ನಗಿರಿಯ ಮೇಷ್ಟ್ರನ್ನು ಶಿವಮೊಗ್ಗ, ಭದ್ರಾವತಿಯ ಕಡೆಗೂ ವಿಚಾರಿಸಿ. ಅನುದಾನಿತ ಶಾಲೆಯಾದರೆ ಆಡಳಿತ ಮಂಡಳಿಯ ಕಚೇರಿಯಲ್ಲಿ ಕೇಳಬೇಕು. ಒಂದೇ ಸಂಸ್ಥೆಗೆ ಹತ್ತಾರು ಹೈಸ್ಕೂಲುಗಳಿದ್ದಾಗ ಮೇಷ್ಟ್ರು ಅವುಗಳ ನಡುವೆಯೇ ವರ್ಗವಾಗಿರುವ ಸಾಧ್ಯತೆ ಹೆಚ್ಚು.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮನೆ ವಿಳಾಸ, ಫೋನ್ ನಂಬರ್ ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು. ಒಬ್ಬ ನಿವೃತ್ತ ಮೇಷ್ಟ್ರು ಸಿಕ್ಕರೆ ಸಾಕು, ಉಳಿದವರ ಸುಳಿವು ಅವರಿಂದಲೇ ಸಿಗುತ್ತದೆ. ಆಗಲೂ ‘ಅವರ ನಂಬರ್ ಕೊಡಿ’ ಎನ್ನುವ ಬದಲು ‘ನಮ್ಮ ನಂಬರ್ ಅವರಿಗೆ ಮುಟ್ಟಿಸಿ ಸರ್’ ಎನ್ನಿ.

ಮೊದಲ ಸಲ ಫೋನ್ ಮಾಡಿದಾಗ ‘ನಾನ್ಯಾರು ಹೇಳಿ ನೋಡಾಣ ಸರ್’ ಎಂಬ ಆಟ ಬೇಡವೇ ಬೇಡ. ಎಂಬತ್ತರ ಹತ್ತಿರ ಇರುವವರಿಗೆ ಅದು ಸಂಕಟ. ಮರೆತೆನಲ್ಲ ಎಂದು ಆಮೇಲೆ ದಿನವಿಡೀ ಕೊರಗುತ್ತಾರೆ. ನಿಮ್ಮ ಹೆಸರು, ಊರು, ಅಪ್ಪನ ಹೆಸರು, ಬ್ಯಾಚಿನ ವರ್ಷ, ಅದೇ ಶಾಲೆಯಲ್ಲಿ ಓದಿದ ಅಣ್ಣ-ಅಕ್ಕನ ಹೆಸರು ಇಷ್ಟನ್ನೂ ನೀವೇ ಮೊದಲು ಹೇಳಿ. ಊರಿನ ಹೆಸರು ಕೇಳುತ್ತಲೇ ಅವರ ನೆನಪು ಬಿಚ್ಚಿಕೊಳ್ಳುತ್ತದೆ.

ಬರೆಯುವುದು

ಪುಸ್ತಿಕೆ ಕೆಡುವುದು ಇಲ್ಲೇ. ಬರೆಯಲು ಕೂತ ಕೂಡಲೇ ‘ಶಿಸ್ತಿನ ಸಿಪಾಯಿ’, ‘ತಾಳ್ಮೆಯ ಮೂರ್ತಿ’, ‘ನಮ್ಮ ಬಾಳಿಗೆ ಬೆಳಕಾದವರು’ ಎಂಬ ಮಾತು ತಾವಾಗಿ ಬರುತ್ತವೆ. ಹೆಸರು ತೆಗೆದು ಬೇರೆ ಮೇಷ್ಟ್ರ ಹೆಸರು ಹಾಕಿದರೂ ಅವು ಹೊಂದುತ್ತವೆ. ಹಾಗೆ ಹೊಂದುವ ವಾಕ್ಯವನ್ನೆಲ್ಲ ಹೊಡೆದುಹಾಕಿ. ಉಳಿಯಬೇಕಾದದ್ದು ಅವರೊಬ್ಬರೇ ಮಾಡುತ್ತಿದ್ದ ಕೆಲಸ, ಅವರೊಬ್ಬರೇ ಆಡುತ್ತಿದ್ದ ಮಾತು.

ಒಂದು ಉದಾಹರಣೆ ನೋಡಿ. ‘ಕನ್ನಡ ಮೇಷ್ಟ್ರು ಛಂದಸ್ಸನ್ನು ಚೆನ್ನಾಗಿ ಕಲಿಸಿದರು’ ಎಂದರೆ ಓದುವವರಿಗೆ ಏನೂ ಕಾಣಿಸುವುದಿಲ್ಲ. ‘ಭಾಮಿನಿ ಷಟ್ಪದಿ ಬಂದಾಗ ಬೋರ್ಡಿನ ಮೇಲೆ ಲಘು-ಗುರು ಗುರುತಿನ ಪ್ರಸ್ತಾರ ಹಾಕುತ್ತಿರಲಿಲ್ಲ. ಮೇಜಿನ ಮೇಲೆ ಬೆರಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ತಟ್ಟುತ್ತ ಪದ್ಯ ಹೇಳಿಸುತ್ತಿದ್ದರು. ಮೂರನೇ ಸಾಲು ಉದ್ದವಾಗಿ ಬಂದು ಕೊನೆಯಲ್ಲಿ ಒಂದು ಗುರು ಅಕ್ಷರ ನಿಂತಾಗ ಇಡೀ ಕ್ಲಾಸು ಬೆಂಚು ತಟ್ಟುತ್ತಿತ್ತು. ಲಘು-ಗುರು ಗುರುತು ಹಾಕಿದ್ದು ಮಾರನೇ ದಿನ’ ಎಂದು ಬರೆದರೆ ಪಾಠದ ಕ್ರಮವೇ ಕಣ್ಣಿಗೆ ಬರುತ್ತದೆ. ಮೇಷ್ಟ್ರು ಓದಿದರೆ ತಮ್ಮ ಕೈಬೆರಳನ್ನು ಗುರುತಿಸುತ್ತಾರೆ.

ಇಂಥ ವಿವರ ಎಳೆಯಲು ಬರೆಯುವವರಿಗೆ ಪ್ರಶ್ನೆ ಕೊಡಿ. ಬೋರ್ಡಿನ ಯಾವ ಮೂಲೆಯಿಂದ ಬರೆಯಲು ಶುರು ಮಾಡುತ್ತಿದ್ದರು? ತಪ್ಪು ಉತ್ತರ ಹೇಳಿದಾಗ ಅವರ ಮೊದಲ ಮಾತು ಏನಿರುತ್ತಿತ್ತು? ಯಾವ ಪಾಠ ಬಂದರೆ ದನಿ ಬದಲಾಗುತ್ತಿತ್ತು? ಶಾಲೆಗೆ ಬರುತ್ತಿದ್ದದ್ದು ಸೈಕಲ್ಲೋ, ಬಸ್ಸೋ, ನಡಿಗೆಯೋ? ಕಾಪಿ ತಿದ್ದುವಾಗ ಏನು ಗುರುತು ಹಾಕುತ್ತಿದ್ದರು? ಕೊನೆಗೆ ಒಂದು ಪ್ರಶ್ನೆ ಕಡ್ಡಾಯ: ಅವರಿಂದ ಕಲಿತದ್ದನ್ನು ಇವತ್ತು ಯಾವ ಕೆಲಸದಲ್ಲಿ ಬಳಸುತ್ತೀರಿ? ಅಂಗಡಿ ಲೆಕ್ಕವನ್ನು ಬಾಯಲ್ಲೇ ಮುಗಿಸುವುದು, ಗ್ರಾಮ ಪಂಚಾಯ್ತಿಗೆ ಅರ್ಜಿಯನ್ನು ತಪ್ಪಿಲ್ಲದೆ ಬರೆಯುವುದು, ಹೀಗೆ ಕೈಗೆ ಸಿಗುವ ಉತ್ತರ ಬರಲಿ.

ಪ್ರತಿ ಬರಹ ಎರಡು ಪುಟ, ಸುಮಾರು 300 ಪದ. ಯಾರು ಯಾರ ಬಗ್ಗೆ ಬರೆಯಬೇಕು ಎಂದು ಮೊದಲೇ ಹಂಚಿ. ಹಂಚದಿದ್ದರೆ ಎಲ್ಲರೂ ಅಚ್ಚುಮೆಚ್ಚಿನ ಇಬ್ಬರ ಬಗ್ಗೆಯೇ ಬರೆಯುತ್ತಾರೆ, ವೇದಿಕೆಯಲ್ಲಿ ಪಕ್ಕದಲ್ಲೇ ಕೂತ ಉಳಿದವರು ಪುಟ ತಿರುವಿ ತಿರುವಿ ತಮ್ಮ ಹೆಸರು ಹುಡುಕುತ್ತಾರೆ. ಇದಕ್ಕಿಂತ ದೊಡ್ಡ ನೋವು ಇನ್ನಿಲ್ಲ.

ಇಬ್ಬರು ಮೇಷ್ಟ್ರ ನೆನಪು ಒಂದಾಗಿ ಕಲೆಸಿಹೋಗುವುದು ಬಹಳ ಸಾಮಾನ್ಯ. ಪ್ರತಿ ಬರಹವನ್ನೂ ಅದೇ ಕ್ಲಾಸಿನ ಇನ್ನಿಬ್ಬರಿಗೆ ಓದಿ ಹೇಳಿ. ಬರೆಯಲು ಹಿಂಜರಿಯುವವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅವರು ಆಡಿದ ಹಾಗೇ ಇಳಿಸಿ. ‘ಹೊಡೀತಿದ್ರು’ ಎಂದಿದ್ದರೆ ‘ದಂಡಿಸುತ್ತಿದ್ದರು’ ಎಂದು ತಿದ್ದಬೇಡಿ. ಹೊಲದಲ್ಲಿ, ಲಾರಿಯಲ್ಲಿ ದುಡಿಯುವವರ ನೆನಪು ಎಷ್ಟೋ ಸಲ ಡಿಗ್ರಿ ಮಾಡಿದವರ ನೆನಪಿಗಿಂತ ಸ್ಪಷ್ಟವಾಗಿರುತ್ತದೆ.

ಏಟಿನ ವಿಷಯ ಎಚ್ಚರದಿಂದ ಬರೆಯಿರಿ. ಏಟು ತಿಂದವರು ತಾವೇ ಹೇಳಿಕೊಂಡರೆ ಸರಿ. ಬೇರೆಯವರು ತಿಂದ ಏಟನ್ನು, ಯಾರದೋ ಬಡತನವನ್ನು, ಜಾತಿಯನ್ನು ಅವರ ಒಪ್ಪಿಗೆಯಿಲ್ಲದೆ ತರಬೇಡಿ. ನೋವಷ್ಟೇ ಕೊಟ್ಟ ಮೇಷ್ಟ್ರ ಬಗ್ಗೆ ಬರೆಯಲು ಒಲ್ಲೆ ಎನ್ನುವವರನ್ನು ಒತ್ತಾಯಿಸಲೂ ಬೇಡಿ.

ಮೇಷ್ಟ್ರ ಮಾತನ್ನೂ ಹಿಡಿದಿಡಿ

ಹುಟ್ಟಿದ ಊರು, ಮೊದಲು ಕೆಲಸಕ್ಕೆ ಸೇರಿದ ಶಾಲೆ, ಆಗಿನ ಸಂಬಳ, ಇವನ್ನು ಅವರ ಬಾಯಿಂದಲೇ ಕೇಳಬೇಕು. ಬೆಳಗ್ಗೆ ತಿಂಡಿ ಆದ ಮೇಲೆ ಹೋಗಿ, 40 ನಿಮಿಷಕ್ಕೆ ನಿಲ್ಲಿಸಿ. ರೆಕಾರ್ಡಿಂಗ್ ಹಾಳು ಮಾಡುವುದು ಫ್ಯಾನು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ನಿಲ್ಲಿಸಿ ಕೂರಲಾಗದು, ಆದ್ದರಿಂದ ಬೇಸಿಗೆಯಾದರೆ ಎಂಟು ಗಂಟೆಯೊಳಗೆ ಕೂತುಬಿಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಅವರಿಂದ ಒಂದೂವರೆ ಅಡಿ ದೂರದಲ್ಲಿಡಿ. ಬರಿಯ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ದಾಖಲಾಗುತ್ತದೆ. ಗ್ರೂಪ್ ಫೋಟೊದ ದೊಡ್ಡ ಪ್ರತಿ ಕೈಗೆ ಕೊಟ್ಟರೆ ಪ್ರಶ್ನೆಯೇ ಬೇಕಾಗುವುದಿಲ್ಲ, ಒಂದೊಂದೇ ಮುಖ ತೋರಿಸುತ್ತ ಅವರೇ ಹೇಳುತ್ತಾರೆ. ಅಂದೇ ಸಂಜೆ ಫೈಲನ್ನು ಇನ್ನೆರಡು ಕಡೆ ನಕಲು ಮಾಡಿ.

ಅಚ್ಚಿಗೆ ಹೋಗುವ ಮುನ್ನ

ಗಾತ್ರ ಡೆಮಿ 1/8 (ಸಾಮಾನ್ಯ ಕಾದಂಬರಿಯ ಅಳತೆ), ಸೆಂಟರ್ ಪಿನ್ (ನಡುವಿನ ಮಡಿಕೆಗೆ ಪಿನ್ ಹೊಡೆಯುವುದು). ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ಇಲ್ಲದಿದ್ದರೆ ಕೊನೆಗೆ ಖಾಲಿ ಹಾಳೆ ಉಳಿಯುತ್ತದೆ. 48 ಪುಟದಲ್ಲಿ ಇಪ್ಪತ್ತು ಬರಹಕ್ಕೆ 40, ಮೇಷ್ಟ್ರ ಪರಿಚಯ ಮತ್ತು ಫೋಟೊಗಳಿಗೆ 8. ಅಕ್ಷರ 14 ಪಾಯಿಂಟ್ ಇರಲಿ. ಓದುವವರಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆದವರಿರುತ್ತಾರೆ. ಫೋಟೊವನ್ನು ಚೌಕಟ್ಟಿನಿಂದ ಬಿಡಿಸಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಮುಖಗಳು ಮಸುಕಾಗುತ್ತವೆ.

ದೊಡ್ಡ ಅಪಾಯ ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಹಂತದಲ್ಲಿದೆ. ನೀವು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯುನಿಕೋಡ್, ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಕೆಲಸ ನಡೆಯುವುದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಪರಿವರ್ತನೆ ಮಾಡುವಾಗ ಅರ್ಕಾವತ್ತು ಜಾಗ ಬದಲಿಸುತ್ತದೆ, ಒತ್ತಕ್ಷರ ಬಿದ್ದುಹೋಗುತ್ತದೆ. ಕರಡನ್ನು ಕಾಗದದ ಮೇಲೆ ತೆಗೆದು ಎರಡು ಸಲ ಓದಿ. ಒಂದು ಓದು ಹೆಸರು ಮತ್ತು ಇನಿಶಿಯಲ್‌ಗಳಿಗಷ್ಟೇ ಮೀಸಲಿರಲಿ. ಕನ್ನಡ ಮೇಷ್ಟ್ರ ಹೆಸರಿನಲ್ಲೇ ಕಾಗುಣಿತ ತಪ್ಪಿದರೆ ಅವರು ಸುಮ್ಮನಿದ್ದಾರು, ನಿಮಗೆ ತಡೆಯಲಾಗದು.

ಮೇಷ್ಟ್ರಿಗೆ ತಲಾ ಎರಡು, ಬರೆದವರಿಗೆ ತಲಾ ಒಂದು, ಶಾಲೆಗೆ ಐದು, ಮೇಲೆ ಹತ್ತು ಎಂದು ಪ್ರತಿ ಲೆಕ್ಕ ಹಾಕಿ.

ಕಾರ್ಯಕ್ರಮದ ದಿನ

ಮದುವೆ ಸೀಸನ್ ಬಿಟ್ಟು ಭಾನುವಾರ ಇಟ್ಟುಕೊಳ್ಳಿ. ವೇದಿಕೆ ತಗ್ಗಾಗಿರಲಿ, ಕೈಯಿರುವ ಕುರ್ಚಿಗಳಿರಲಿ, ಮಂಡಿನೋವಿನವರನ್ನು ಮೆಟ್ಟಿಲು ಹತ್ತಿಸಬೇಡಿ. ಸಕ್ಕರೆ ಕಾಯಿಲೆಯವರಿಗೆ ಒಂದು ಗಂಟೆಗೆ ಊಟ ಸಿಗಲೇಬೇಕು. ಹಳೆ ವಿದ್ಯಾರ್ಥಿಗಳ ಭಾಷಣ ಲಂಬಿಸಿ ಮೇಷ್ಟ್ರಿಗೆ ಕೊನೆಯ ಐದು ನಿಮಿಷ ಉಳಿಯುವುದು ಮಾಮೂಲಿ ಎಡವಟ್ಟು. ಪುಸ್ತಿಕೆಯಿಂದ ಒಬ್ಬೊಬ್ಬ ಮೇಷ್ಟ್ರ ಬಗ್ಗೆ ಒಂದು ನಿಮಿಷದ ಭಾಗ ಓದಿ, ಮೈಕನ್ನು ಅವರ ಕೈಗೆ ಕೊಟ್ಟುಬಿಡಿ.

ತೀರಿಕೊಂಡವರ ಪುಟಗಳನ್ನು ಕೈಬಿಡಬೇಡಿ. ಚಳ್ಳಕೆರೆ ತಾಲ್ಲೂಕು ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅವರ ಶಿಷ್ಯ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಹೊರಬಂದದ್ದು ಹತ್ತು ವರ್ಷದ ಮೇಲೆ, ಆದರೂ ಅರ್ಪಣೆಯಾದದ್ದು ಆ ಗುರುವಿಗೇ. ಕುಟುಂಬದವರನ್ನು ಕಾರ್ಯಕ್ರಮಕ್ಕೆ ಕರೆಯಿರಿ. ಬರಲಾಗದಿದ್ದರೆ ಇಬ್ಬರು ಅವರ ಮನೆಗೇ ಹೋಗಿ ಪುಸ್ತಿಕೆ ಕೊಡಿ, ಆ ಎರಡು ಪುಟವನ್ನು ಅಲ್ಲೇ ಗಟ್ಟಿಯಾಗಿ ಓದಿ. ಹಾಸಿಗೆ ಹಿಡಿದಿರುವ ಮೇಷ್ಟ್ರಿಗೂ ಇದೇ ಕ್ರಮ. ಅಲ್ಲಿ ಹತ್ತು ಜನ ನುಗ್ಗಿ ಸೆಲ್ಫಿ ತೆಗೆಯುವುದು ಬೇಡ.

ಶಾಲೆಗೆ ಕೊಡುವ ಐದು ಪ್ರತಿಗಳನ್ನು ವೇದಿಕೆಯ ಮೇಲೆ ಕೊಟ್ಟು ಬಂದರೆ ಯಾರ ಮೇಜಿನಲ್ಲೋ ಉಳಿಯುತ್ತವೆ. ಮಾರನೇ ವಾರ ಹೋಗಿ ಗ್ರಂಥಾಲಯದ ದಾಸ್ತಾನು ಪುಸ್ತಕದಲ್ಲಿ ಬರೆಸಿ, ನಂಬರ್ ಹಾಕಿಸಿ.