ಗೋಡೆಯ ಮೇಲಿನ ನೀರಿನ ಗೆರೆ

ಬೆಂಗಳೂರಿನ ಬೆಳ್ಳಂದೂರಿನ ಕಡೆ 2023ರಲ್ಲಿ ನಾವು ನೋಡಿದ ಹಳೆಯ ಮನೆಗೆ ಆಗಷ್ಟೇ ಬಣ್ಣ ಬಳಿದಿದ್ದರು. ಹಿಂದಿನ ವರ್ಷ ಸೆಪ್ಟೆಂಬರ್ 5ರ ಬೆಳಿಗ್ಗೆಯ ಹೊತ್ತಿಗೆ ಒಂದೇ ದಿನದಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಗಿದ್ದುದು ನೆನಪಿನಲ್ಲಿತ್ತಾದ್ದರಿಂದ ಬಣ್ಣ ಮುಟ್ಟದ ಜಾಗಕ್ಕಾಗಿ ಹುಡುಕಾಡಿದೆ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ನೆಲದಿಂದ ಎರಡೂಕಾಲು ಅಡಿ ಮೇಲೆ, ಕೆಸರಿನ ಗೆರೆ ಸಿಕ್ಕಿತು.

ಆದರೂ ಕೊಂಡೆವು. ನಮ್ಮ ಕೈಗೆಟಕುವ ಬೆಲೆಯ ಇನ್ನೊಂದು ನಿವೇಶನವು ಗ್ರಾಮನಕ್ಷೆಯಲ್ಲಿ ಮಳೆನೀರು ಹರಿಯುವ ರಾಜಕಾಲುವೆಯ ಅಂಚಿಗೇ ಇದ್ದು, ನಗರದ ಮಹಾಯೋಜನೆ 2015ರ ಪ್ರಕಾರ ಪ್ರಾಥಮಿಕ, ಅಂದರೆ ದೊಡ್ಡ ಕಾಲುವೆಗೆ ಏನೂ ಕಟ್ಟದೆ ಬಿಡಬೇಕಾದ 50 ಮೀಟರಿನೊಳಗೆ ಬರುತ್ತಿತ್ತು. ಈ ಮನೆಯ ಜಾಗವನ್ನು ಹಳೆಯ ಪಹಣಿಯಲ್ಲಿ ‘ತರಿ’ ಎಂದು ನಮೂದಿಸಿದ್ದರು, ಅಂದರೆ ಇದು ನೀರಾವರಿಯ ಗದ್ದೆ. ಇಲ್ಲಿಗೆ ನೀರು ನುಗ್ಗಿ ಬರುವುದಿಲ್ಲ, ಬಂದು ನಿಲ್ಲುತ್ತದೆ. ನಿಲ್ಲುವ ನೀರನ್ನು ಪಾಯ ಎತ್ತರಿಸಿ ನಿಭಾಯಿಸಬಹುದೆಂದು ಲೆಕ್ಕ ಹಾಕಿದೆವು.

ಒಳಗೆ ಮಣ್ಣು ತುಂಬಿ ನೆಲ ಎತ್ತರಿಸಿದರೆ ತಾರಸಿ ತಲೆಗೆ ತಾಗುವಂತಿತ್ತು, ಜಾಕಿ ಕೊಟ್ಟು ಮನೆಯನ್ನೇ ಎತ್ತಲು ಎಂಜಿನಿಯರ್ ಒಪ್ಪಲಿಲ್ಲ. ಹಾಗಾಗಿ ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ತೀರ್ಮಾನಿಸಿದೆವು. ಕೆಡವುವ ಮುನ್ನ ಮೇಸ್ತ್ರಿ ನೀರು ತುಂಬಿದ ಲೆವೆಲ್ ಟ್ಯೂಬ್ ಹಿಡಿದು ಆ ಗೆರೆಯನ್ನು ಕಾಂಪೌಂಡಿನ ಕಲ್ಲುಗಂಬಕ್ಕೆ ಸಾಗಿಸಿದರು. ಮುಂದಿನ ಅಳತೆಗಳೆಲ್ಲ ಅಲ್ಲಿಂದಲೇ. ಕೆಳಗೆ ಬರಿಯ ಕಂಬಗಳನ್ನು ನಿಲ್ಲಿಸಿ ಅದರ ಮೇಲೆ ಮನೆ ಕಟ್ಟುವುದು ಸುಲಭವಿತ್ತಾದರೂ ಅಮ್ಮನ ಮಂಡಿನೋವು ಅದಕ್ಕೆ ಅವಕಾಶ ಕೊಡಲಿಲ್ಲ. ನೆಲವನ್ನು ಗೆರೆಗಿಂತ ಒಂದೂವರೆ ಅಡಿ ಮೇಲಕ್ಕಿಟ್ಟೆವು. ಪ್ರತಿ ಸಲ ಟಾರು ಹಾಕಿದಾಗಲೂ ರಸ್ತೆ ಬೆಳೆಯುವ ಊರಿನಲ್ಲಿ ಇದೇನೂ ಹೆಚ್ಚಲ್ಲ. ಮಣ್ಣನ್ನು ಮನೆಯ ಅಡಿಗೆ ಮಾತ್ರ ತುಂಬಿದೆವು, ಏಕೆಂದರೆ ಅಂಗಳವನ್ನೂ ಎತ್ತರಿಸಿದ್ದರೆ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದವರ ಮನೆಗೆ ಹೋಗುತ್ತಿತ್ತು.

ನನಗೆ ಮೊದಲು ಹೊಳೆಯದಿದ್ದ ಸಂಗತಿಯೆಂದರೆ, ಬಾಗಿಲಿಗೆ ಮರಳಿನ ಚೀಲ ಒಟ್ಟಿದರೂ ನೀರು ಬಚ್ಚಲಿನಿಂದ ಮೇಲೇಳುತ್ತದೆ. ಒಳಚರಂಡಿ ತುಂಬಿದಾಗ ಕೊಳಚೆ ಹಿಂದಕ್ಕೆ ಬರದಂತೆ ಕೊನೆಯ ಚೇಂಬರಿನಲ್ಲಿ ನಾನ್ ರಿಟರ್ನ್ ವಾಲ್ವ್ ಕೂರಿಸಿದೆವು. ಕೂದಲು, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಅದರ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಅದನ್ನು ತಿಂಗಳಿಗೊಮ್ಮೆ ನಾನೇ ತೊಳೆಯುತ್ತೇನೆ. ಅದು ಮುಚ್ಚಿಕೊಂಡಿರುವಷ್ಟು ಹೊತ್ತು ನಮ್ಮ ನೀರೂ ಹೊರಗೆ ಹೋಗದು, ಆದ್ದರಿಂದ ಜೋರು ಮಳೆಯಲ್ಲಿ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವಂತಿಲ್ಲ. ಸಂಪಿನ ಬಾಯಿಯನ್ನು ಗೆರೆಗಿಂತ ಮೇಲಕ್ಕೆ ಕಟ್ಟಿಸಿ, ಮಳೆಗಾಲದಲ್ಲಿ ಅದನ್ನು ತುಂಬಿಯೇ ಇಡುತ್ತೇವೆ. ಖಾಲಿಯಾಗಿದ್ದರೆ ಉಕ್ಕುವ ಅಂತರ್ಜಲ ಅದರ ತಳವನ್ನು ಒತ್ತಿ ಬಿರುಕು ಬಿಡಿಸಬಹುದು. ವೈರಿಂಗನ್ನು ತಾರಸಿಯಿಂದ ಕೆಳಕ್ಕೆ ಇಳಿಸಿ, ಪ್ಲಗ್ಗುಗಳನ್ನು ನಾಲ್ಕಡಿ ಎತ್ತರಕ್ಕೆ ಹಾಕಿಸಿದೆವು. ಅಡುಗೆಮನೆಯಲ್ಲಿ ಪ್ಲೈವುಡ್ ಇಲ್ಲ, ಕಡಪ ಕಲ್ಲಿನ ಕಪಾಟುಗಳಿವೆ.

2025ರ ಮೇ ತಿಂಗಳ ಮಳೆಗೆ ಅಂಗಳದ ನೀರು ಎರಡನೆಯ ಮೆಟ್ಟಿಲವರೆಗೆ ಬಂದು, ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ಅದಾಗಿ ಒಂದು ವಾರಕ್ಕೆ ಪಕ್ಕದ ಮನೆಯವರು ತಮ್ಮ ಮೇಸ್ತ್ರಿಯನ್ನು ಕರೆತಂದು, ನಮ್ಮ ಕಲ್ಲುಗಂಬದ ಗೆರೆಗೆ ಟ್ಯೂಬ್ ಹಿಡಿಸಿ ತಮ್ಮ ಸಂಪಿನ ಎತ್ತರವನ್ನು ಗುರುತು ಮಾಡಿಕೊಂಡು ಹೋದರು.