ನಂದಿಬೆಟ್ಟದ ಸುತ್ತಿನ ಹೊಳೆಗೆ ಜಲಾನಯನದ ಗಡಿ ಎಳೆಯುವ ಬಗೆ

ಎಲ್ಲಿ ಬಿದ್ದ ಮಳೆನೀರು ಹರಿದು ಒಂದು ಹೊಳೆಗೆ ಸೇರುತ್ತದೋ ಆ ನೆಲವೆಲ್ಲ ಆ ಹೊಳೆಯ ಜಲಾನಯನ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಹೊಳೆಗಳು ಒಂದೊಂದು ದಿಕ್ಕು ಹಿಡಿಯುತ್ತವೆ. ಅರ್ಕಾವತಿ ಕಾವೇರಿ ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿ ಉತ್ತರ ಪಿನಾಕಿನಿಯ ಪಾಲು. ದಕ್ಷಿಣ ಪಿನಾಕಿನಿ ತಮಿಳುನಾಡಿಗಿಳಿದು ತಾನೇ ಸಮುದ್ರ ಮುಟ್ಟುತ್ತದೆ. ಇಲ್ಲಿ ನಕ್ಷೆಯ ಮೇಲೆ ಗಡಿಯ ಗೆರೆ ಅರ್ಧ ಸೆಂ.ಮೀ. ಜಾರಿದರೂ ಒಂದು ಕೆರೆಯ ನೀರು ಬೇರೆ ನದಿಯ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ (ನೆಲದ ಏರಿಳಿತ, ಹಳ್ಳ, ಕೆರೆ ತೋರಿಸುವ ನಕ್ಷೆ), ಟ್ರೇಸಿಂಗ್ ಪೇಪರ್, ನೀಲಿ ಮತ್ತು ಕೆಂಪು ಪೆನ್ಸಿಲ್, ಗ್ರಾಫ್ ಹಾಳೆ ಸಾಕು. ನಕ್ಷೆಯ 2 ಸೆಂ.ಮೀ. ಎಂದರೆ ನೆಲದಲ್ಲಿ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳ ನಡುವೆ ಎತ್ತರದ ಅಂತರ 20 ಮೀಟರ್.

ಮೊದಲು ಕೊನೆಯ ಬಿಂದು, ಅಂದರೆ ಜಲಾನಯನದ ನೀರೆಲ್ಲ ಹೊರಬೀಳುವ ಜಾಗ, ಗೊತ್ತುಮಾಡಿ. ಚಿತ್ರಾವತಿಗಾದರೆ ಬಾಗೇಪಲ್ಲಿ ಹತ್ತಿರದ ಪರಗೋಡು ಬ್ಯಾರೇಜ್ ಹಿಡಿಯಬಹುದು. ಕರಾವಳಿಯ ಅಘನಾಶಿನಿಯಂಥ ಹೊಳೆಯಲ್ಲಿ ಈ ಬಿಂದು ಉಬ್ಬರದ ನೀರು ಮುಟ್ಟದಷ್ಟು ಮೇಲಿರಬೇಕು. ಅಳಿವೆಯ ಹತ್ತಿರ ನೀರು ಹಿಂದಕ್ಕೂ ಹರಿಯುವುದರಿಂದ ಹರಿವಿನ ಲೆಕ್ಕ ಕೂಡುವುದಿಲ್ಲ. ಬಯಲುಸೀಮೆಯಲ್ಲಿ ಆ ತೊಡಕಿಲ್ಲ, ಕೆರೆಗಳ ತೊಡಕಿದೆ.

ಆ ಬಿಂದುವಿನಿಂದ ಮೇಲಕ್ಕೆ ಪ್ರತಿ ಹಳ್ಳವನ್ನೂ ನೀಲಿಯಲ್ಲಿ ತಿದ್ದಿ. ಒಣ ಹಳ್ಳಗಳು ಟೋಪೋಶೀಟಿನಲ್ಲಿ ಕಪ್ಪು ಗೆರೆಯಾಗಿರುತ್ತವೆ, ಅವನ್ನು ಬಿಡಬೇಡಿ. ನಮ್ಮ ಕಡೆ ಮುಕ್ಕಾಲು ಪಾಲು ಉಪನದಿಗಳು ಅವೇ. ಕೆರೆ ಅಡ್ಡ ಬಂದರೆ ಗೆರೆಯನ್ನು ಏರಿಯ ನಡುವಿನ ತೂಬಿನಿಂದ ಮುಂದುವರಿಸಬಾರದು. ತೂಬಿನ ಕಾಲುವೆ ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತದೆ. ತುಂಬಿದ ಕೆರೆಯ ನೀರು ಹೊರಬೀಳುವುದು ಕೋಡಿಯಲ್ಲಿ, ಅದು ಸಾಮಾನ್ಯವಾಗಿ ಏರಿಯ ಒಂದು ತುದಿಗಿರುತ್ತದೆ. ಕೋಡಿಹಳ್ಳ ಹಿಡಿದು ಹೋದರೆ ಮುಂದಿನ ಕೆರೆ ಸಿಗುತ್ತದೆ.

ಈಗ ಕೊನೆಯ ಬಿಂದುವಿನಿಂದಲೇ ಹೊರಟು ಜಲಾನಯನದ ಗಡಿಯನ್ನು ಕೆಂಪಿನಲ್ಲಿ ಎಳೆಯಿರಿ. ಸಮೋನ್ನತ ರೇಖೆಯ ಮೊನೆ ಎತ್ತರದ ಕಡೆ ತಿರುಗಿದ್ದರೆ ಕಣಿವೆ, ತಗ್ಗಿನ ಕಡೆ ತಿರುಗಿದ್ದರೆ ದಿಣ್ಣೆ. ದಿಣ್ಣೆಯ ನೆತ್ತಿಯ ಮೇಲೇ, ಸಮೋನ್ನತ ರೇಖೆಗಳನ್ನು ನೇರ ಅಡ್ಡಕ್ಕೆ ದಾಟುತ್ತಾ ಬನ್ನಿ. ಕೊನೆಯ ಬಿಂದು ಬಿಟ್ಟು ಬೇರೆಲ್ಲೂ ಕೆಂಪು ಗೆರೆ ನೀಲಿಯನ್ನು ಕಡಿಯಬಾರದು. ಕಡಿದರೆ ಅಲ್ಲೇ ತಪ್ಪಿದೆ.

ಬೆಟ್ಟದಲ್ಲಿ ಇದು ಸಲೀಸು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಬಯಲಲ್ಲಿ ಎರಡು ರೇಖೆಗಳ ನಡುವೆ ಕಿಲೋಮೀಟರುಗಟ್ಟಲೆ ಜಾಗ ಖಾಲಿ. ಅಲ್ಲಿ ನಕ್ಷೆಯಲ್ಲಿ ಬರೆದಿರುವ ಎತ್ತರದ ಅಂಕಿ ನೋಡಿ, ಆಮೇಲೆ ಸ್ಥಳಕ್ಕೇ ಹೋಗಿ ರಸ್ತೆಯಡಿ ನೀರು ದಾಟಿಸುವ ಮೋರಿಗಳನ್ನು ಗಮನಿಸಿ. ಬಹಳ ದೂರ ಮೋರಿಯೇ ಇಲ್ಲದಿದ್ದರೆ ರಸ್ತೆ ದಿಣ್ಣೆಯ ಮೇಲಿರುವ ಸಾಧ್ಯತೆ ಹೆಚ್ಚು. ಜೋರು ಮಳೆ ನಿಂತ ಕೂಡಲೇ ಹೋದರೆ ಚರಂಡಿಯ ನೀರೇ ದಿಕ್ಕು ತೋರಿಸುತ್ತದೆ.

ವಿಸ್ತೀರ್ಣಕ್ಕೆ ಟ್ರೇಸಿಂಗನ್ನು ಗ್ರಾಫ್ ಹಾಳೆಯ ಮೇಲಿಟ್ಟು 1 ಸೆಂ.ಮೀ. ಚೌಕಗಳನ್ನು ಎಣಿಸಿ. ಅರ್ಧಕ್ಕಿಂತ ಹೆಚ್ಚು ಒಳಗಿರುವುದು ಪೂರ್ತಿ ಚೌಕ, ಉಳಿದದ್ದು ಬಿಡಿ. ಒಂದು ಚೌಕ 0.25 ಚದರ ಕಿ.ಮೀ.; 300 ಚೌಕವಾದರೆ 75 ಚದರ ಕಿ.ಮೀ.

ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಉಪಗ್ರಹದ ಎತ್ತರದ ದತ್ತಾಂಶ ಹಾಕಿ ಗಡಿ ತೆಗೆಯುವವರಿಗೂ ಕೋಡಿಯದೇ ಕಾಟ. ತಂತ್ರಾಂಶ ಕೆರೆಯನ್ನು ಗುಂಡಿಯೆಂದು ತುಂಬಿಸಿ, ಏರಿ ಎಲ್ಲಿ ತಗ್ಗಾಗಿ ಕಂಡಿತೋ ಅಲ್ಲಿಂದ ನೀರು ಹರಿಸುತ್ತದೆ. ಕೋಡಿಯ ಜಾಗದಲ್ಲಿ ಎತ್ತರವನ್ನು ಕೈಯಾರೆ ಇಳಿಸಿ ಮತ್ತೆ ಓಡಿಸಿ.

ಬೇಸಿಗೆಯಲ್ಲೂ ನೀರಿರುವ ಕೆರೆಗೆ ದೊಡ್ಡ ಜಲಾನಯನ ಇದೆಯೆಂದು ಊಹಿಸಬೇಡಿ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ, ಆಮೇಲೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪ್ ಮಾಡಿ ತರುತ್ತಿದ್ದಾರೆ. ಪೈಪಿನ ನೀರು ದಿಣ್ಣೆ ದಾಟಿ ಬರುತ್ತದೆ, ಮಳೆನೀರು ದಾಟುವುದಿಲ್ಲ. ಅಂಥ ಕೆರೆಗಳಿಗೆ ನಕ್ಷೆಯಲ್ಲಿ ಬೇರೆ ಗುರುತು ಹಾಕಿ, ಕೋಡಿಯ ಹರಿವು ಅಳೆಯುವಾಗ ಆ ನೀರನ್ನು ಕಳೆಯಿರಿ.