ಬೇರು ಕಡಿಯದೆ ಫುಟ್‌ಪಾತ್ ನಿಲ್ಲಿಸಿದ್ದು

ಮಂಗಳೂರಿನ ಬಿಜೈ ಕಡೆ ಮರದ ಬೇರು ಎತ್ತಿ ಹಾಕಿದ್ದ ಒಂದು ಫುಟ್‌ಪಾತನ್ನು ನಾನು ರಿಪೇರಿ ಮಾಡಿದ್ದೆ. ಅದು ಮೂರು ಮಳೆಗಾಲ ಕಂಡಿತು, ಒಂದು ಇಂಟರ್‌ಲಾಕ್ ಕಲ್ಲು ಕೂಡ ಎದ್ದಿಲ್ಲ. "ಎಂ ಸ್ಯಾಂಡ್ ಇಲ್ಲದೆ ಬರೀ ಜಲ್ಲಿ ಮೇಲೆ ಕೂರಿಸಿದ್ರೆ ಒಂದೇ ಮಳೆಗೆ ಅಲ್ಲಾಡ್ತದೆ ಮಾರಾಯ್ರೆ" ಎಂದಿದ್ದ ಮೇಸ್ತ್ರಿಗಳೇ ಈಗ ಫೋನ್ ಮಾಡಿ ರೇಟು ಕೇಳುತ್ತಾರೆ.

ದೊಡ್ಡ ಮಳೆಮರ. ಫುಟ್‌ಪಾತ್ ಎತ್ತಿ, ಪಾಗಾರ (ಕಾಂಪೌಂಡ್ ಗೋಡೆ) ಸೀಳಿ, ಅಂಗಳದ ಪೈಪಿಗೂ ಬೇರು ನುಗ್ಗಿತ್ತು. ನನಗಿಂತ ಮೊದಲು ಬಂದವರು ಬೇರು ಕಡಿದು 4 ಇಂಚು ಕಾಂಕ್ರೀಟ್ ಹಾಕಿದ್ದರು. 70 ಸಾವಿರದಷ್ಟು ಹೋಯಿತು. ಕಡಿದ ತುದಿಯಲ್ಲಿ ಒಂದಕ್ಕೆ ನಾಲ್ಕು ಬೇರು ಒಡೆದು ಎರಡನೇ ವರ್ಷವೇ ಸ್ಲ್ಯಾಬ್ ಬಿರಿಯಿತು. ನಮ್ಮ ಗಟ್ಟಿ ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ಬೇರು ಆಳಕ್ಕೆ ಇಳಿಯುವುದು ಕಷ್ಟ, ಕಾಂಕ್ರೀಟಿನಡಿಯ ತೇವ ಸಿಕ್ಕಿದರೆ ಅಲ್ಲೇ ದಪ್ಪವಾಗುತ್ತದೆ. ಇಡೀ ಮರವನ್ನೇ ತೆಗೆಸಿ ಎನ್ನುವವರಿಗೆ: 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಯ ಅನುಮತಿ ಬೇಕು.

ನಾನು ಪಿಕ್ಕಾಸು ಮುಟ್ಟಿಸಲಿಲ್ಲ. ಕೈಯಲ್ಲೇ ಮಣ್ಣು ಬಿಡಿಸಿ, ಹೆಬ್ಬೆರಳಿಗಿಂತ ಸಣ್ಣ ಬೇರುಗಳನ್ನಷ್ಟೇ ಗರಗಸದಲ್ಲಿ ಕೊಯ್ದೆವು. ಪುಡಿಯಿಲ್ಲದ 40 ಎಂಎಂ ಜಲ್ಲಿ 8 ಇಂಚು, ಮೇಲೆ ನೀರು ಇಳಿದು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಎರಡು ಇಂಚು ಸಣ್ಣ ಬೇಬಿ ಜಲ್ಲಿ, ಆಮೇಲೆ ಇಂಟರ್‌ಲಾಕ್. ದೊಡ್ಡ ಜಲ್ಲಿಯ ಸಂದಿಯಲ್ಲಿ ತೇವ ನಿಲ್ಲುವುದಿಲ್ಲ, ಹಾಗಾಗಿ ಬೇರು ಕೆಳಗಿನ ಮಣ್ಣನ್ನೇ ಹುಡುಕುತ್ತದೆ. ದಪ್ಪ ಬೇರಿದ್ದಲ್ಲಿ ಅಗೆಯಲೇ ಇಲ್ಲ, ಹತ್ತಡಿ ದೂರದಿಂದ ಮಟ್ಟವನ್ನೇ ಮೆಲ್ಲಗೆ ಏರಿಸಿದೆ. ಪಾಗಾರದಲ್ಲಿ ಬೇರು ಹಾಯುವ ಕಡೆ ಪಂಚಾಂಗ (ಅಡಿಪಾಯ) ಬಿಡಿಸಿ ಆರಡಿಯ ಬೀಮ್ ಕೊಟ್ಟೆ, ಅಡಿಯಲ್ಲಿ 4 ಇಂಚು ಖಾಲಿ.

ಮನೆಯ ಯಜಮಾನರಿಗೆ ಮನೆಯ ಪಂಚಾಂಗವೇ ಬಿರಿಯುತ್ತದೆಂಬ ಭಯ. ಬಯಲುಸೀಮೆಯ ಎರೆಮಣ್ಣಾದರೆ ಹೌದು, ಮರ ನೀರು ಹೀರಿದಂತೆ ಮಣ್ಣು ಕುಗ್ಗುತ್ತದೆ. ಇಲ್ಲಿ ಆ ಕಥೆ ಇಲ್ಲ. ಪೈಪಿನದ್ದು ಬೇರೆ ವಿಷಯ: ಗಟ್ಟಿ ಪೈಪನ್ನು ಬೇರು ಕೊರೆಯುವುದಿಲ್ಲ, ಸೋರುವ ಜಾಯಿಂಟಿಗೆ ಬರುತ್ತದೆ. ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪ್ ತೆಗೆದು ಪಿವಿಸಿ ಹಾಕಿದೆ.

ಬೇರು ಮನೆಯ ಬದಿಗೆ ಬರದಂತೆ ಎರಡಡಿ ಆಳದ ತಡೆ ಬೇಕು. ಅದಕ್ಕೆ ಮೊದಲು ಬೇರೆ ಸೈಟಿನಲ್ಲಿ ಜಿಐ ಶೀಟ್ (ಸತು ಲೇಪದ ತಗಡು) ಹಾಕಿ ನೋಡಿದ್ದೆ. ನಮ್ಮ ಉಪ್ಪುಗಾಳಿಗೆ, ಮಳೆಗೆ ತೂತು ಬಿತ್ತು. ಈಗ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ. ಅದರ ಮೇಲಂಚು ಯಾವ ಕಡೆ, ಎಷ್ಟು ವಾಲಬೇಕು ಎಂಬುದನ್ನು ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದು. ಅಡಿಕೆಗೆ ಬಿಡುವ ಮೈಲುತುತ್ತನ್ನು ಪೈಪಿನ ಬೇರಿಗೆ ಬಿಟ್ಟು ನೋಡುವ ಆಸೆಯೂ ಇತ್ತು. ಹತ್ತಿರದಲ್ಲೇ ಬಾವಿ, ಕೈಬಿಟ್ಟೆ.

ಖರ್ಚು: ಅರವತ್ತಡಿ ಉದ್ದಕ್ಕೆ ಒಂದು ಲೋಡ್ ಜಲ್ಲಿ 10 ಸಾವಿರದ ಹತ್ತಿರ, ಹಾಳೆ, ಬಟ್ಟೆ ಸೇರಿ 9, ಬೀಮ್, ಪೈಪ್ 12, ಉಳಿದದ್ದು ಕೂಲಿ. ಇಂಟರ್‌ಲಾಕ್ ಹಳೆಯದನ್ನೇ ಎಲ್ಲಿಂದಲೋ ಅಗ್ಗಕ್ಕೆ ತಂದೆ. ಒಟ್ಟು 55 ಸಾವಿರ ದಾಟಲಿಲ್ಲ.

ಗೋಳಿ (ಆಲ) ಮರದ ಕೆಲಸ ಬಂದರೆ ಮಾತ್ರ ಬುಡದ ಸುತ್ತ ಆರೇಳು ಅಡಿ ಬಿಟ್ಟೇ ಕೋಟ್ ಮಾಡಿ. ಅದಕ್ಕೊಪ್ಪದ ಗಿರಾಕಿಯ ಅಡ್ವಾನ್ಸ್ ಮುಟ್ಟಬೇಡಿ.